ಸ್ಲೈಡ್ ಜೊತೆ ಎಕ್ಸ್‌ರೇ ಕೂಡ ಕೇಳುತ್ತೇನೆ, ಯಾಕೆಂದರೆ...

ನಾನು ಬಾಯಿ, ದವಡೆಯ ಬಯಾಪ್ಸಿ ನೋಡುವ ಪೆಥಾಲಜಿಸ್ಟ್. ನನ್ನ ಟೇಬಲ್‌ಗೆ ಬರುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಬಾಯಿಯ ಒಳಪೊರೆಯವು. ಮೂಳೆ, ಸ್ನಾಯು, ರಕ್ತನಾಳಗಳಲ್ಲಿ ಹುಟ್ಟುವ ಸಾರ್ಕೋಮಾ ತೀರಾ ಅಪರೂಪ. ಹಾಗಾಗಿ ಮೊದಲಿಗೆ ಯಾರ ತಲೆಗೂ ಅದು ಹೊಳೆಯುವುದಿಲ್ಲ.

ಒಮ್ಮೆ ಮೂವತ್ತು ದಾಟಿದ ಒಬ್ಬರ ಕೆಳದವಡೆಯ ತುಣುಕು ಬಂತು. ಫಾರ್ಮ್‌ನಲ್ಲಿ ‘ದವಡೆ ಊತ’ ಅಂತ ಅಷ್ಟೇ ಇತ್ತು. ಮೈಕ್ರೋಸ್ಕೋಪ್‌ನಲ್ಲಿ ಕಂಡಿದ್ದು ಬರೀ ಮೃದ್ವಸ್ಥಿ. ತಿಳಿನೀಲಿ ಗುಪ್ಪೆಗಳು, ಅವುಗಳೊಳಗೆ ಆಕಾರ ಕೆಟ್ಟ, ಗಾಢವಾದ ಕೋಶಕೇಂದ್ರಗಳು. ಕಾಂಡ್ರೋಸಾರ್ಕೋಮಾ, ಅಂದರೆ ಮೃದ್ವಸ್ಥಿ ಕಟ್ಟುವ ಸಾರ್ಕೋಮಾ, ಅಂತ ಬರೆದು ಮುಗಿಸಬಹುದಿತ್ತು. ಆದರೆ ಕೈ ಬರಲಿಲ್ಲ. ದವಡೆಯ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆ ಕಟ್ಟುವ ಸಾರ್ಕೋಮಾ, ಎಷ್ಟೋ ಸಲ ಇದೇ ಮೃದ್ವಸ್ಥಿಯ ರೂಪದಲ್ಲಿ ಬರುತ್ತದೆ.

ಸರ್ಜನ್‌ಗೆ ಫೋನ್ ಮಾಡಿದೆ. “ಸರ್, ಹಳೇ ಎಕ್ಸ್‌ರೇ ಏನಾದ್ರೂ ಇದ್ಯಾ? ತುಟಿ ಜೋಮು ಹಿಡಿದಿದ್ಯಾ ಅಂತ ಒಂದ್ಸಲ ಕೇಳ್ತೀರಾ?”

ಉತ್ತರ ಸಂಜೆಗೆ ಬಂತು. ಎರಡು ತಿಂಗಳಿಂದ ಕೆಳತುಟಿ, ಗಲ್ಲ ಮರಗಟ್ಟಿತ್ತಂತೆ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅಲ್ಲಾಡುತ್ತಿದ್ದ ಹಲ್ಲನ್ನು ಬೇರೆಲ್ಲೋ ಕೀಳಿಸಿದ್ದರು. ಆ ಗಾಯ ಇನ್ನೂ ಮುಚ್ಚಿರಲಿಲ್ಲ.

ಹಲ್ಲು ಕೀಳುವ ಮೊದಲು ತೆಗೆದ ಚಿಕ್ಕ ಎಕ್ಸ್‌ರೇ ಕೂಡ ಬಂತು. ಹಲ್ಲಿನ ಬೇರಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ ಇರುತ್ತದಲ್ವಾ, ಅದು ಬೇರಿನ ಎರಡೂ ಬದಿಗೆ ಒಂದೇ ಸಮ ಅಗಲವಾಗಿತ್ತು. ಪಕ್ಕದ ಹಲ್ಲಿನಲ್ಲೂ ಹಾಗೇ. ವಸಡಿನ ರೋಗ ಮಾತ್ರ ಇರಲಿಲ್ಲ. ಗ್ಯಾರಿಂಗ್ಟನ್ ಮತ್ತು ಜೊತೆಗಾರರು 1967ರಲ್ಲೇ ದವಡೆಯ ಆಸ್ಟಿಯೋಸಾರ್ಕೋಮಾದಲ್ಲಿ ಈ ಗುರುತನ್ನು ವಿವರಿಸಿದ್ದಾರೆ. ಇದೊಂದರಿಂದಲೇ ರೋಗ ತೀರ್ಮಾನ ಆಗುವುದಿಲ್ಲ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ.

ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ನ್ನು ಇನ್ನೂ ಆಳಕ್ಕೆ ಕೊಯ್ಯಿಸಿದೆ. ಉಳಿದ ಗಟ್ಟಿ ಮೂಳೆ ಚೂರನ್ನು ಆಸಿಡ್‌ಗೆ ಹಾಕದೆ, ಕ್ಯಾಲ್ಸಿಯಂ ಅನ್ನು ನಿಧಾನವಾಗಿ ತೆಗೆಯುವ ಇಡಿಟಿಎ ದ್ರಾವಣದಲ್ಲಿ ಮೆದು ಮಾಡಿಸಿದೆ. ಜಾಸ್ತಿ ದಿನ ಹಿಡಿಯುತ್ತದೆ, ಆದರೆ ಡಿಎನ್‌ಎ ಉಳಿಯುತ್ತದೆ, ಮುಂದೆ ಜೀನ್ ಪರೀಕ್ಷೆ ಬೇಕಾದರೆ ದಾರಿ ಇರುತ್ತದೆ. ಹೊಸ ಸ್ಲೈಡ್‌ನ ಒಂದು ಮೂಲೆಯಲ್ಲಿ ಸಿಕ್ಕಿತು: ಕೆಟ್ಟ ಕೋಶಗಳ ನಡುವೆ, ಅವೇ ಹೆಣೆದಂತೆ, ಗುಲಾಬಿ ಬಣ್ಣದ ಲೇಸ್. ಆಸ್ಟಿಯಾಯ್ಡ್, ಅಂದರೆ ಇನ್ನೂ ಗಟ್ಟಿಯಾಗದ ಮೂಳೆ. ಗಡ್ಡೆಯ ಕೋಶಗಳೇ ಮೂಳೆ ಕಟ್ಟುತ್ತಿದ್ದರೆ ಅದು ಆಸ್ಟಿಯೋಸಾರ್ಕೋಮಾ.

ಹೆಸರಿಗಾಗಿ ಇಷ್ಟು ಹಟ ಯಾಕೆ ಅಂದರೆ, ಎರಡರಲ್ಲೂ ಆಪರೇಷನ್ ಮುಖ್ಯವಾದರೂ ಕಾಂಡ್ರೋಸಾರ್ಕೋಮಾಕ್ಕೆ ಸಾಮಾನ್ಯವಾಗಿ ಕೀಮೋ ಕೊಡುವುದಿಲ್ಲ. ಆಸ್ಟಿಯೋಸಾರ್ಕೋಮಾದಲ್ಲಿ ಕೀಮೋ ಬಗ್ಗೆಯೂ ಯೋಚಿಸಬೇಕು, ಶ್ವಾಸಕೋಶದ ಸಿಟಿಯನ್ನೂ ಮಾಡಿಸಬೇಕು.

ಮೆದು ಅಂಗಾಂಶದ ಗಡ್ಡೆಗಳಲ್ಲೂ ಅಷ್ಟೇ. ವಯಸ್ಸಾದವರ ಹಣೆಯಲ್ಲಿ ಪೆಟ್ಟು ಬೀಳದೆ ಕಂದಿದ ಕಲೆ ಹರಡುತ್ತಿದ್ದರೆ, ಅದು ರಕ್ತನಾಳದ ಸಾರ್ಕೋಮಾ, ಆಂಜಿಯೋಸಾರ್ಕೋಮಾ ಇರಬಹುದು. ಸ್ಲೈಡ್‌ನಲ್ಲಿ ಅಂಥ ಅನುಮಾನ ಬಂದರೆ ಈಗ ನಾನು ಮೊದಲು ಕಲೆಯ ಫೋಟೋ ಕೇಳುತ್ತೇನೆ. ಆಮೇಲೆ ರಕ್ತನಾಳದ ಕೋಶಗಳನ್ನು ಗುರುತಿಸುವ ಇಆರ್‌ಜಿ, ಸಿಡಿ31 ಸ್ಟೇನ್.

ನಮ್ಮ ಬಯಾಪ್ಸಿ ಫಾರ್ಮ್‌ಗೆ ಮೂರು ಸಾಲು ಸೇರಿಸಿದ್ದೇನೆ: ಜೋಮು ಇದೆಯೇ, ಹಲ್ಲು ಅಲ್ಲಾಡುತ್ತಿದೆಯೇ, ಎಕ್ಸ್‌ರೇ ಲಗತ್ತಿಸಿದೆಯೇ. ಖಾಲಿ ಬಿಟ್ಟು ಕಳಿಸಿದರೆ ಫೋನ್ ಮಾಡಿ ನಾನೇ ತುಂಬಿಸಿಕೊಳ್ಳುತ್ತೇನೆ.