ಜನವರಿ 20ರ ಹಬ್ಬದಲ್ಲಿ ಫೇಬಿಯನ್‌ರನ್ನೂ ಸೇರಿಸ್ಕೊಂಡಿದ್ದು

ನಮ್ಮ ಕಡೆ ಜನವರಿ 20 ಅಂದ್ರೆ ಸಂತ ಸೆಬಾಸ್ಟಿಯನ್ ಹಬ್ಬ, ಅಷ್ಟೇ. ಮಂಗಳೂರಿನ ಬೆಂದೂರು ಚರ್ಚ್ ಅವರ ಹೆಸರಲ್ಲೇ ಇದೆ, ಮೈಗೆ ಬಾಣ ನಾಟಿರೋ ಆ ಪ್ರತಿಮೆ ಚಿಕ್ಕ ಮಕ್ಕಳಿಗೂ ಗೊತ್ತು. ಅದೇ ದಿನ ಪೋಪ್ ಫೇಬಿಯನ್ ಅವರ ಹಬ್ಬನೂ ಹೌದು ಅಂದ್ರೆ ದೊಡ್ಡೋರೇ ಹೌದಾ ಅಂತಾರೆ. ಹಬ್ಬಕ್ಕೆ ಮುಂಚೆ ಕ್ಯಾಟಕಿಸಂ (ಚರ್ಚಿನ ಧರ್ಮಪಾಠ) ಮಕ್ಕಳಿಗೆ ಸಂತರ ಜೀವನ ಹೇಳೋ ಕೆಲಸ ನನಗೆ ಬಂದಾಗ ನಾನು ಫೇಬಿಯನ್‌ರಿಂದಲೇ ಶುರು ಮಾಡ್ದೆ.

ಮೊದಲು ಗೋಡೆಗೆ ಒಂದು ಚಾರ್ಟ್ ಅಂಟಿಸಿ ಎರಡು ಗುರುತು ಹಾಕ್ದೆ, ಫೇಬಿಯನ್ ಸತ್ತಿದ್ದು 250ರಲ್ಲಿ, ಸೆಬಾಸ್ಟಿಯನ್ ಸತ್ತಿದ್ದು ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ ಅಂದ್ರೆ ಮೂವತ್ತು ನಲವತ್ತು ವರ್ಷ ಆದ್ಮೇಲೆ, ಇಬ್ರೂ ಒಬ್ಬರ ಮುಖ ಒಬ್ಬರು ನೋಡಿರೋ ಸಾಧ್ಯತೆನೇ ಕಮ್ಮಿ. ಆದ್ರೂ 354ರ ರೋಮಿನ ರಕ್ತಸಾಕ್ಷಿಗಳ, ಅಂದ್ರೆ ನಂಬಿಕೆಗಾಗಿ ಪ್ರಾಣ ಕೊಟ್ಟೋರ ಪಟ್ಟೀಲಿ ಅದೇ ತಾರೀಖಿಗೆ ಇಬ್ಬರ ಹೆಸರೂ ಇದೆ, ಯಾರನ್ನ ಎಲ್ಲಿ ಹೂಳಿದ್ರು ಅನ್ನೋದೂ ಇದೆ. ಎರಡು ಸಮಾಧಿನೂ ರೋಮಿನ ಹಳೇ ಆಪಿಯನ್ ರಸ್ತೆ ಕಡೆಗೇ.

ಫೇಬಿಯನ್ ಕಥೆ ಮಕ್ಕಳಿಗೆ ಇಷ್ಟ ಆಗಿದ್ದು ಪಾರಿವಾಳದಿಂದ. 236ರಲ್ಲಿ ಹೊಸ ಪೋಪ್ ಆರಿಸೋಕೆ ಎಲ್ಲ ಸೇರಿದಾಗ ಹಳ್ಳಿಯಿಂದ ಬಂದು ನಿಂತಿದ್ದ ಈತನ ತಲೆ ಮೇಲೆ ಪಾರಿವಾಳ ಕೂತ್ಕೊಳ್ತಂತೆ, ಜನ ಒಂದೇ ದನಿಯಲ್ಲಿ ಇವನೇ ಯೋಗ್ಯ ಅಂದ್ರು ಅಂತ ಚರಿತ್ರೆಕಾರ ಯುಸೇಬಿಯಸ್ ಬರೆದಿದಾನೆ. ಆದ್ರೆ ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಅವರು ಆಮೇಲೆ ಮಾಡಿದ ಕೆಲಸ. ರೋಮ್ ನಗರನ ವಿಭಾಗ ಮಾಡಿ ಏಳು ಡೀಕನ್‌ಗಳಿಗೆ, ಅಂದ್ರೆ ಸೇವೆ ಕೆಲಸ ನೋಡ್ಕೊಳ್ಳೋ ಸಹಾಯಕರಿಗೆ, ಹಂಚಿಕೊಟ್ರು. ಅವರ ನಂತರ ಬಂದ ಪೋಪ್ ಕೊರ್ನೇಲಿಯಸ್ ಬರೆದ ಒಂದು ಪತ್ರದಲ್ಲಿ ಲೆಕ್ಕ ಇದೆ ನೋಡಿ: 46 ಗುರುಗಳು (ಪಾದ್ರಿಗಳು), 7 ಡೀಕನ್‌ಗಳು, ಕ್ರೈಸ್ತ ಸಭೆಯ ಆಸರೆಯಲ್ಲಿ 1500ಕ್ಕೂ ಜಾಸ್ತಿ ವಿಧವೆಯರು, ಕಷ್ಟದಲ್ಲಿರೋರು. ಹಿಂಸೆಯ ಕಾಲದಲ್ಲಿ ಇಷ್ಟು ಜನರನ್ನ ನೋಡ್ಕೊಳ್ತಿದ್ರು! ಇದನ್ನ ಓದ್ವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತೆ.

ಡೇಸಿಯಸ್ ಚಕ್ರವರ್ತಿ ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕು ಅಂತ ಆಜ್ಞೆ ಮಾಡಿದಾಗ ಮೊದಮೊದಲು ಪ್ರಾಣ ಕೊಟ್ಟೋರಲ್ಲಿ ಫೇಬಿಯನ್ ಒಬ್ಬರು. ಅವರ ಸಮಾಧಿ ಕಲ್ಲು 1854ರಲ್ಲಿ ಕಲಿಸ್ತುಸ್ ನೆಲಮಾಳಿಗೆ ಸ್ಮಶಾನದಲ್ಲಿ ಪುರಾತತ್ವ ತಜ್ಞ ದೆ ರೊಸ್ಸಿಗೆ ಸಿಕ್ತು. ಅದರ ಫೋಟೋ ಪ್ರಿಂಟ್ ತೆಗ್ಸಿ ಕೈಯಿಂದ ಕೈಗೆ ಕೊಟ್ಟೆ, ಗ್ರೀಕ್ ಅಕ್ಷರದಲ್ಲಿ ಹೆಸರು, ಬಿಷಪ್ ಅನ್ನೋದು, ಪಕ್ಕದಲ್ಲಿ ಅಕ್ಷರಗಳನ್ನ ಒಂದಕ್ಕೊಂದು ಕೂಡಿಸಿದ ಒಂದು ಚಿಹ್ನೆ, ಅದು ರಕ್ತಸಾಕ್ಷಿ ಅನ್ನೋದರ ಗುರುತು, ಆಮೇಲೆ ಯಾರೋ ಕೆತ್ತಿ ಸೇರಿಸಿದ್ದು.

ಸೆಬಾಸ್ಟಿಯನ್ ಬಗ್ಗೆ ಹಳೇ ಮಾಹಿತಿ ತುಂಬಾ ಕಮ್ಮಿ. ಮಿಲಾನಿನವರು, ರೋಮಿಗೆ ಹೋಗಿ ಅಲ್ಲಿ ಪ್ರಾಣ ಕೊಟ್ರು ಅಂತ ನಾಲ್ಕನೇ ಶತಮಾನದ ಮಿಲಾನ್ ಬಿಷಪ್ ಸಂತ ಆಂಬ್ರೋಸ್ ಹೇಳ್ತಾರೆ. ಬಾಣದ ಕಥೆ ಬರೋದು ಐದನೇ ಶತಮಾನದ ಬರಹದಲ್ಲಿ. ಇದನ್ನ ಮಕ್ಕಳ ಮುಂದೆ ಮುಚ್ಚಿಡ್ಲಿಲ್ಲ, ಇಂಥದ್ದು ಮೊದಲಿನಿಂದ ಗೊತ್ತಿರೋದು, ಇಂಥದ್ದು ಆಮೇಲೆ ಹೇಳಿದ್ದು ಅಂತ ಬೇರೆ ಬೇರೆ ಬಣ್ಣದಲ್ಲಿ ಬರೆದೆ. ಹಾಗೆ ಹೇಳಿದ್ರೆ ಭಕ್ತಿ ಕಮ್ಮಿ ಆಗಲ್ವಾ ಅಂತ ಒಬ್ಬ ತಾಯಿ ಕೇಳಿದ್ರು. ಕಮ್ಮಿ ಆಗಲ್ಲ, ಯಾಕಂದ್ರೆ ಆ ಕಥೇನ ಪೂರ್ತಿ ಹೇಳಿದ್ರೆನೇ ಗೊತ್ತಾಗೋದು, ಬಾಣದಿಂದ ಅವರು ಸಾಯ್ಲೇ ಇಲ್ಲ, ಐರೀನ್ ಅನ್ನೋ ವಿಧವೆ ಆರೈಕೆ ಮಾಡಿ ಬದುಕಿಸಿದ್ರು, ವಾಸಿಯಾದ ಮೇಲೆ ಓಡಿಹೋಗೋ ಬದ್ಲು ಮತ್ತೆ ಚಕ್ರವರ್ತಿ ಮುಂದೆನೇ ನಿಂತು ಖಂಡಿಸಿದ್ರು, ಆಗ ದೊಣ್ಣೆಯಿಂದ ಹೊಡೆದು ಕೊಂದ್ರು. ಪ್ರತಿಮೆ ನೋಡ್ತಾ ಬೆಳೆದ ಮಕ್ಕಳಿಗೆ ಇದೇ ಹೊಸದು.

ಚಾರ್ಟ್ ಬಿಸಾಕಿಲ್ಲ. ಸೆಪ್ಟೆಂಬರ್ 16ಕ್ಕೆ ಕೊರ್ನೇಲಿಯಸ್, ಸಿಪ್ರಿಯನ್ ಇಬ್ಬರ ಹಬ್ಬ ಒಟ್ಟಿಗೆ ಬರುತ್ತೆ, ಫೇಬಿಯನ್ ಸತ್ತ ಸುದ್ದಿ ಕೇಳಿ ಅವರನ್ನ ಹೊಗಳಿ ರೋಮಿನ ಗುರುಗಳಿಗೆ ಪತ್ರ ಬರೆದ ಉತ್ತರ ಆಫ್ರಿಕಾದ ಕಾರ್ತೇಜ್ ಬಿಷಪ್ಪೇ ಈ ಸಿಪ್ರಿಯನ್, ಹಾಗಾಗಿ 250ರ ಪಕ್ಕದಿಂದಲೇ ಗೆರೆ ಮುಂದುವರಿಸ್ತೀನಿ.