ಡ್ರೈವರ್ ಕೋಡನ್ನು ಬಾಲದಿಂದ ಓದಿ

ಭಾನುವಾರ ಬೆಳಿಗ್ಗೆ ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಮಂದಿ ಯುವ ಎಂಜಿನಿಯರುಗಳು ಸೇರುತ್ತಾರೆ. ಸಾಧನವೊಂದನ್ನು ನಡೆಸುವ ಲಿನಕ್ಸ್ ಡ್ರೈವರ್‌ನ ಕೋಡನ್ನು ಕೈಗಿತ್ತು, ತಪ್ಪು ಹುಡುಕಿ ಎನ್ನುತ್ತೇನೆ. ಎಲ್ಲರೂ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಹೆಸರು ಸರಿಯಿಲ್ಲ, ಇಲ್ಲಿ ಖಾಲಿ ಜಾಗ ಹೆಚ್ಚಾಯಿತು, ಈ ಸಾಲು ಉದ್ದವಾಯಿತು ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ಸಾಧನವನ್ನು ಕಳಚುವಾಗ ಲಿನಕ್ಸಿನ ತಿರುಳಾದ ಕರ್ನಲ್ ಕರೆಯುವ ‘ರಿಮೂವ್’ ಫಂಕ್ಷನ್ ಇರುವುದು ಅಲ್ಲಿ. ಅದರ ಮೇಲೆ ಅರ್ಧ ನಿಮಿಷ ಕಣ್ಣಾಡಿಸಿ ‘ಸರಿಯಾಗಿದೆ ಸರ್’ ಎನ್ನುತ್ತಾರೆ. ಯಂತ್ರವನ್ನು ಕೆಡಿಸುವ ತಪ್ಪು ಬಹುಪಾಲು ಅಲ್ಲಿಯೇ ಕೂತಿರುತ್ತದೆ.

ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ತೂಗುವ ಕಾಟಾಕ್ಕೆ ಯುಎಸ್‌ಬಿ ಪೆಟ್ಟಿಗೆಯೊಂದನ್ನು ಜೋಡಿಸಿದ್ದರು. ಮೇಜು ಸರಿಸುವಾಗ ಹಮಾಲಿಯೊಬ್ಬರ ಕಾಲಿಗೆ ಸಿಕ್ಕಿ ಕೇಬಲ್ ಕಿತ್ತು ಬಂದರೆ ಸಾಕು, ಕಂಪ್ಯೂಟರ್ ಕಲ್ಲಾಗುತ್ತಿತ್ತು. ಹೊರಗೆ ಲಾರಿಗಳು ಸಾಲುಗಟ್ಟುತ್ತಿದ್ದವು, ಬೈಗುಳವೆಲ್ಲ ಆ ಹಮಾಲಿಗೆ. ನಾನು ಹೋಗಿ ಮೆಮೊರಿ ತಪಾಸಣೆಯ ಆಯ್ಕೆಯನ್ನು ಆನ್ ಮಾಡಿ, ಬೇಕೆಂದೇ ಕೇಬಲ್ ಕಿತ್ತೆ. ದಾಖಲೆಯಲ್ಲಿ ಸಿಕ್ಕ ವಿಳಾಸದ ತುಂಬ 6ಬಿ 6ಬಿ 6ಬಿ 6ಬಿ. ಆ ಆಯ್ಕೆ ಆನ್ ಇದ್ದಾಗ, ಬಿಟ್ಟುಕೊಟ್ಟ ಮೆಮೊರಿಯನ್ನು ಕರ್ನಲ್ ಇದೇ ಬೈಟಿನಿಂದ ತುಂಬಿಸುತ್ತದೆ. ಅಂದರೆ ಡ್ರೈವರ್ ತಾನೇ ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿತ್ತು. ಕಳಚುವ ಫಂಕ್ಷನ್ನಿನಲ್ಲಿ ಇದ್ದದ್ದು ಮೂರೇ ಸಾಲು, ಮೂರನೆಯದು ಮೆಮೊರಿ ಬಿಟ್ಟುಕೊಡುವ ಕೆಫ್ರೀ. ತೂಕ ತೋರಿಸುವ ಪ್ರೋಗ್ರಾಂ ಆ ಸಾಧನದ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿದೆ ಎಂಬುದನ್ನು ಕೋಡ್ ಬರೆದವರೂ ಯೋಚಿಸಿರಲಿಲ್ಲ, ಓದಿ ಒಪ್ಪಿದವರೂ ಯೋಚಿಸಿರಲಿಲ್ಲ. ಹಮಾಲಿಯದು ಯಾವ ತಪ್ಪೂ ಇರಲಿಲ್ಲ.

ಮೊದಲ ಕೆಲಸ: ಕೋಡನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಪರದೆಯಲ್ಲಿ ಒಮ್ಮೆಗೆ ಒಂದು ಫಂಕ್ಷನ್ ಮಾತ್ರ ಕಾಣುತ್ತದೆ, ನಮಗೆ ಬೇಕಾದದ್ದು ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದು.

ಎರಡನೆಯದು, ಈ ಕೋಡಿನೊಳಗೆ ಯಾರ್ಯಾರು ಬರಬಹುದು ಎಂದು ಪಟ್ಟಿ ಮಾಡಿ. ಫೈಲ್ ತೆರೆದು ಓದುವ ಪ್ರೋಗ್ರಾಂ, ಸಾಧನ ಸಿಪಿಯುವನ್ನು ತಡೆದು ಕರೆದಾಗ (ಇಂಟರಪ್ಟ್) ಓಡುವ ಇಂಟರಪ್ಟ್ ಹ್ಯಾಂಡ್ಲರ್, ಟೈಮರ್, ಸರದಿಗೆ ಹಾಕಿದ ಕೆಲಸಗಳನ್ನು (ವರ್ಕ್) ಆಮೇಲೆ ಓಡಿಸುವ ವರ್ಕ್‌ಕ್ಯೂ, ಕಳಚುವ ಫಂಕ್ಷನ್, ವಿದ್ಯುತ್ ಉಳಿಸಲು ಮಲಗಿಸುವ ಮತ್ತು ಎಬ್ಬಿಸುವ ಫಂಕ್ಷನ್‌ಗಳು. ಇವರೆಲ್ಲ ಅಡ್ಡಸಾಲು. ಡ್ರೈವರ್‌ನ ಮುಖ್ಯ ಸ್ಟ್ರಕ್ಚರಿನಲ್ಲಿರುವ ಬಫರ್, ಎಣಿಕೆ, ಸ್ಥಿತಿ ಮುಂತಾದವು ಲಂಬಸಾಲು. ಯಾರು ಯಾವುದನ್ನು ಓದುತ್ತಾರೋ ಅಲ್ಲಿ ‘ಓ’, ಬರೆಯುತ್ತಾರೋ ಅಲ್ಲಿ ‘ಬ’ ಎಂದು ತುಂಬಿ. ಒಂದೇ ಲಂಬಸಾಲಿನಲ್ಲಿ ಒಂದು ‘ಬ’ ಜೊತೆಗೆ ಇನ್ನೊಂದು ಯಾವ ಅಕ್ಷರವಿದ್ದರೂ, ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ (ಲಾಕ್) ಅದಕ್ಕೆ ಯಾವುದು ಎಂದು ಬರೆಯಿರಿ. ಬರೆಯಲಾಗದಿದ್ದರೆ ತಪ್ಪು ಸಿಕ್ಕಿತು. ಬೀಗದ ಬದಲು ‘ವೊಲಟೈಲ್’ ಎಂಬ ಪದ ಹಚ್ಚಿ ಬಿಟ್ಟಿರುವ ಕೋಡ್ ಬಹಳ ಬರುತ್ತದೆ. ಅದು ಕಂಪೈಲರಿಗೆ ಹೇಳಿದ ಮಾತು ಮಾತ್ರ, ಇಬ್ಬರು ಒಟ್ಟಿಗೆ ಒಳಬರುವುದನ್ನು ಅದು ತಡೆಯುವುದಿಲ್ಲ. ಕಂಡಲ್ಲಿ ಕೇಳಿ.

ಬೀಗ ಇದ್ದರೂ ಸರಿಯಾದದ್ದೇ ಎಂದು ನೋಡಬೇಕು. ಸ್ಪಿನ್‌ಲಾಕ್ ಎಂದರೆ ಸಿಗುವವರೆಗೆ ಸುತ್ತುತ್ತಾ ಕಾಯಿಸುವ ಬೀಗ. ಇಂಟರಪ್ಟ್ ಹ್ಯಾಂಡ್ಲರ್ ಹಿಡಿಯುವ ಸ್ಪಿನ್‌ಲಾಕನ್ನು ಓದುವ ಫಂಕ್ಷನ್ನೂ ಹಿಡಿಯುತ್ತದೆ ಎನ್ನಿ. ಅದು ಬೀಗ ಹಿಡಿದಿರುವಾಗ ಅದೇ ಸಿಪಿಯು ಮೇಲೆ ಇಂಟರಪ್ಟ್ ಬಂದರೆ, ಹ್ಯಾಂಡ್ಲರ್ ಬೀಗಕ್ಕಾಗಿ ಸುತ್ತುತ್ತಲೇ ಇರುತ್ತದೆ, ಬೀಗ ಬಿಡಬೇಕಾದ ಕೋಡಿಗೆ ಸರದಿಯೇ ಬರುವುದಿಲ್ಲ. ಆದ್ದರಿಂದ ಓದುವ ಫಂಕ್ಷನ್ನಿನಲ್ಲಿ ಇಂಟರಪ್ಟನ್ನೂ ತಡೆಯುವ ‘ಐಆರ್‌ಕ್ಯೂ ಸೇವ್’ನಂಥ ರೂಪವೇ ಬೇಕು. ಇನ್ನು, ಸ್ಪಿನ್‌ಲಾಕ್ ಹಿಡಿದಿರುವಾಗ ನಿದ್ದೆಗೆ ಜಾರುವ ಯಾವ ಕರೆಯೂ ಸಲ್ಲದು. ನಿದ್ದೆಯಲ್ಲಿ ಕಾಯಿಸುವ ಬೀಗವಾದ ಮ್ಯೂಟೆಕ್ಸ್ ಹಿಡಿಯುವುದು, ‘ಕಾಯಲು ಸಿದ್ಧ’ ಎನ್ನುವ ಜಿಎಫ್‌ಪಿ ಕರ್ನಲ್ ಗುರುತಿನೊಂದಿಗೆ ಮೆಮೊರಿ ಕೇಳುವುದು, ಬಳಕೆದಾರರ ಬಫರಿಗೆ ನಕಲು ಮಾಡುವುದು, ಮೂರೂ ನಿದ್ದೆಗೆ ಜಾರಬಹುದು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಬೀಗ ಹಿಡಿದ ಸಾಲಿಗೂ ಬಿಟ್ಟ ಸಾಲಿಗೂ ನಡುವೆ ಇರುವ ಪ್ರತಿಯೊಂದು ರಿಟರ್ನಿಗೂ ಕೆಂಪು ವೃತ್ತ ಹಾಕಿ, ಬೀಗ ಬಿಡದೆಯೇ ಅಲ್ಲಿಂದ ಹೊರಬಿದ್ದಿರಬಹುದು. ಆ ನಡುವೆ ಹತ್ತು ಸಾಲಿಗಿಂತ ಹೆಚ್ಚು ಇದ್ದರೆ ನಾನು ಕೋಡನ್ನು ವಾಪಸ್ ಕಳಿಸುತ್ತೇನೆ, ಚರ್ಚೆಯಿಲ್ಲ.

ಈಗ ರಿಮೂವ್ ಫಂಕ್ಷನ್. ಒಂದು ಗಂಟೆ ಇದ್ದರೆ ಅರ್ಧ ಗಂಟೆ ಇದಕ್ಕೇ ಕೊಡಿ.

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ಇಳಿಸಿದ ಕ್ಷಣದಲ್ಲೇ ರಾಯಚೂರಿನ ಕಡೆಯ ಕೊನೆಯ ಭಾಗದಲ್ಲಿ ನೀರು ನಿಲ್ಲುವುದಿಲ್ಲ. 200 ಕಿಲೋಮೀಟರಿಗೂ ಉದ್ದದ ಕಾಲುವೆ ಅದು. ಹೊರಟ ನೀರು ಹರಿದು ಮುಗಿಯಬೇಕು, ಆಮೇಲೆ ಒಳಗಿಳಿದು ದುರಸ್ತಿ. ಡ್ರೈವರ್ ಕಳಚುವ ಕ್ರಮವೂ ಇದೇ. ಮೊದಲು ಮೂಲವನ್ನು ಮುಚ್ಚಬೇಕು, ಆಮೇಲೆ ದಾರಿಯಲ್ಲಿರುವುದು ಮುಗಿಯುವವರೆಗೆ ಕಾಯಬೇಕು, ಕೊನೆಗೆ ಮೆಮೊರಿ ಬಿಡಬೇಕು.

ಸಾಧನದ ರಿಜಿಸ್ಟರಿನಲ್ಲಿ ಇಂಟರಪ್ಟನ್ನು ನಿಲ್ಲಿಸಿದ್ದಾರೆಯೇ? ಅದಾದ ಮೇಲೆ ಹ್ಯಾಂಡ್ಲರನ್ನು ಬಿಡಿಸುವ ಫ್ರೀ ಐಆರ್‌ಕ್ಯೂ ಕರೆದಿದ್ದಾರೆಯೇ? ಈ ಕರೆ ಬೇರೆ ಸಿಪಿಯುವಿನಲ್ಲಿ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುತ್ತದೆ. ‘ಡಿಸೇಬಲ್ ಐಆರ್‌ಕ್ಯೂ ನೋಸಿಂಕ್’ ಕಾಯುವುದಿಲ್ಲ. ಹೆಸರಿನ ಬಾಲದಲ್ಲಿ ‘ಸಿಂಕ್’ ಇದೆಯೋ, ‘ನೋಸಿಂಕ್’ ಇದೆಯೋ, ಎರಡೂ ಇಲ್ಲವೋ ಎಂಬುದರ ಮೇಲೆ ಬೆರಳಿಟ್ಟು ಓದಿ. ಟೈಮರನ್ನು ಸಿಂಕ್ ಇಲ್ಲದೆ ಅಳಿಸಿದರೆ, ಆಗಲೇ ಓಡುತ್ತಿರುವ ಟೈಮರ್ ಫಂಕ್ಷನ್ ಓಡುತ್ತಲೇ ಇರುತ್ತದೆ.

ಟೈಮರ್ ಮತ್ತು ವರ್ಕ್ ಒಂದನ್ನೊಂದು ಎಬ್ಬಿಸುತ್ತಿದ್ದರೆ ಇನ್ನೂ ಕಷ್ಟ. ಟೈಮರ್ ವರ್ಕನ್ನು ಸರದಿಗೆ ಹಾಕುತ್ತದೆ, ವರ್ಕ್ ಮುಗಿಯುವಾಗ ಟೈಮರನ್ನು ಮತ್ತೆ ಹೂಡುತ್ತದೆ. ವರ್ಕನ್ನು ಮೊದಲು ರದ್ದು ಮಾಡಿದರೆ ಟೈಮರ್ ಅದನ್ನು ಮತ್ತೆ ಸರದಿಗೆ ಹಾಕುತ್ತದೆ. ಟೈಮರನ್ನು ಮೊದಲು ಅಳಿಸಿದರೆ ಓಡುತ್ತಿರುವ ವರ್ಕ್ ಅದನ್ನು ಮತ್ತೆ ಹೂಡುತ್ತದೆ. ಯಾವ ಕ್ರಮವೂ ಸಾಲದು. ಇದಕ್ಕಾಗಿಯೇ ಕರ್ನಲ್ 6.2ರಲ್ಲಿ ‘ಟೈಮರ್ ಶಟ್‌ಡೌನ್ ಸಿಂಕ್’ ಬಂತು: ಅದನ್ನು ಕರೆದ ಮೇಲೆ ಟೈಮರನ್ನು ಯಾರೂ ಮತ್ತೆ ಹೂಡಲಾಗದು. ಅದಾದ ನಂತರ ವರ್ಕನ್ನು ರದ್ದು ಮಾಡಿದರೆ ಆ ಸುತ್ತು ಕಡಿಯುತ್ತದೆ. ಆದರೆ ಈ ಕಾಯುವ ಕರೆಗಳನ್ನು ಬೀಗ ಹಿಡಿದುಕೊಂಡೇ ಮಾಡಿದ್ದಾರೆಯೇ ನೋಡಿ. ವರ್ಕಿಗೂ ಅದೇ ಮ್ಯೂಟೆಕ್ಸ್ ಬೇಕಿದ್ದರೆ ಇವರು ಅದಕ್ಕಾಗಿ, ಅದು ಇವರಿಗಾಗಿ ಕಾಯುತ್ತಾ ಇಬ್ಬರೂ ನಿಂತುಬಿಡುತ್ತಾರೆ.

ಇಲ್ಲಿ 100 ಮಿಲಿಸೆಕೆಂಡ್ ನಿದ್ದೆ ಹಾಕಿ ‘ಅಷ್ಟರಲ್ಲಿ ಮುಗಿದಿರುತ್ತದೆ’ ಎಂದು ಬರೆಯುವವರಿದ್ದಾರೆ. ಅಗ್ಗದ ಕಾರ್ಡುಗಳ ಜೊತೆ ಬರುವ ಡ್ರೈವರ್‌ಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಯಂತ್ರದ ಮೇಲೆ ಹೊರೆ ಬಿದ್ದ ದಿನ 100 ಮಿಲಿಸೆಕೆಂಡ್ ಸಾಲುವುದಿಲ್ಲ. ಇಂಥ ಸಾಲನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

‘ಡೆವ್‌ಎಂ’ ಎಂದು ಶುರುವಾಗುವ ಕರೆಗಳು ಪಡೆದದ್ದನ್ನು ತಾವೇ ಬಿಡುಗಡೆ ಮಾಡುತ್ತವೆ ಎಂಬ ಭರವಸೆಯಲ್ಲಿ ಮೈಮರೆಯುವವರು ಇನ್ನೂ ಹೆಚ್ಚು. ಅವು ಬಿಡುಗಡೆಯಾಗುವುದು ರಿಮೂವ್ ಮುಗಿದ ಮೇಲೆ, ಪಡೆದ ಕ್ರಮಕ್ಕೆ ತಿರುಗುಮುರುಗಾಗಿ. ಇಂಟರಪ್ಟನ್ನು ಡೆವ್‌ಎಂ ಮೂಲಕ ಪಡೆದು, ಬಫರನ್ನು ರಿಮೂವ್‌ನೊಳಗೆ ಕೈಯಾರೆ ಕೆಫ್ರೀ ಮಾಡಿದರೆ, ಬಫರ್ ಹೋದ ಮೇಲೂ ಇಂಟರಪ್ಟ್ ಜೀವಂತವಾಗಿರುತ್ತದೆ. ನನ್ನ ನಿಯಮ ಇಷ್ಟು: ಎಲ್ಲವೂ ಡೆವ್‌ಎಂ ಆಗಿರಲಿ, ಇಲ್ಲವೇ ಯಾವುದೂ ಬೇಡ, ಬೆರಕೆ ಬೇಡ. ಎಲ್ಲವೂ ಡೆವ್‌ಎಂ ಆಗಿದ್ದರೂ ತೆರೆದಿರುವ ಫೈಲಿನ ಸಮಸ್ಯೆ ಬಗೆಹರಿಯುವುದಿಲ್ಲ. ಸಾಧನ ಕಳಚಿದಾಗ ಡೆವ್‌ಎಂ ಮೆಮೊರಿ ಹೋಗುತ್ತದೆ, ಪ್ರೋಗ್ರಾಂ ಮಾತ್ರ ಫೈಲ್ ಹಿಡಿದುಕೊಂಡೇ ಇರುತ್ತದೆ. ಗಿರಣಿಯ ಪೆಟ್ಟಿಗೆಗೆ ನಾನು ಮಾಡಿದ ದುರಸ್ತಿ, ಸ್ಟ್ರಕ್ಚರಿಗೆ ‘ಕೆರೆಫ್’ ಎಣಿಕೆ ಕೊಟ್ಟದ್ದು: ಡ್ರೈವರ್‌ನದೇ ಒಂದರಿಂದ ಶುರು, ಫೈಲ್ ತೆರೆದಾಗ ಒಂದು ಹೆಚ್ಚು, ಮುಚ್ಚಿದಾಗ ಒಂದು ಕಡಿಮೆ, ಸಾಧನ ಕಳಚಿದಾಗ ಒಂದು ಕಡಿಮೆ, ಸೊನ್ನೆಯಾದಾಗ ಮಾತ್ರ ಬಿಡುಗಡೆ. ಜೊತೆಗೆ ‘ಸಾಧನ ಹೋಗಿದೆ’ ಎಂಬ ಗುರುತನ್ನು ಓದುವ ಫಂಕ್ಷನ್ ಮ್ಯೂಟೆಕ್ಸ್ ಹಿಡಿದು ನೋಡುವಂತೆ ಮಾಡಿದೆ.

ಸಾಧನ ಜೋಡಿಸಿದಾಗ ಓಡುವ ಪ್ರೋಬ್ ಫಂಕ್ಷನ್ನಿಗೆ ಒಂದೇ ಪ್ರಶ್ನೆ: ಇಂಟರಪ್ಟ್ ಕೇಳುವ ಮೊದಲು ಬೀಗ, ವರ್ಕ್, ಬಫರ್ ಎಲ್ಲ ಸಿದ್ಧವಾಗಿವೆಯೇ? ಕೇಳಿದ ಮರುಕ್ಷಣವೇ ಅದು ಬರಬಹುದು.

ಉಳಿದ ಮೆಮೊರಿ ತಪ್ಪುಗಳು ಕಣ್ಣಿಗೆ ಬೇಗ ಬೀಳುತ್ತವೆ. ಎಣಿಕೆಯನ್ನು ಗಾತ್ರದಿಂದ ಗುಣಿಸಿ, ಮೆಮೊರಿ ಪಡೆಯುವ ಕೆಮ್ಯಾಲಕ್‌ಗೆ ಕೊಟ್ಟಿದ್ದರೆ ಕೆಕ್ಯಾಲಕ್ ಬಳಸಿ ಎನ್ನಿ, ಗುಣಲಬ್ಧ ಹಿಡಿಸಲಾರದಷ್ಟು ದೊಡ್ಡದಾಗಿ ಉಕ್ಕಿದರೆ ಅದು ತಡೆಯುತ್ತದೆ. ಬಳಕೆದಾರರ ಮೆಮೊರಿಯಿಂದ ಉದ್ದವನ್ನು ಎರಡು ಬಾರಿ ಓದಿದ್ದರೆ ನಿಲ್ಲಿಸಿ, ನಡುವೆ ಅವರು ಅದನ್ನು ಬದಲಿಸಬಹುದು. ನಡುವೆ ಎಡವಿದಾಗ ಪಡೆದದ್ದನ್ನು ಬಿಡಲು ಜಿಗಿಯುವ ಗೋಟು ಲೇಬಲ್‌ಗಳು ಪಡೆದ ಕ್ರಮಕ್ಕೆ ವಿರುದ್ಧವಾಗಿರಬೇಕು.

ಇಷ್ಟಾದ ಮೇಲೆ ಯಂತ್ರದ ಸಹಾಯ ಪಡೆಯಿರಿ. ಬೀಗಗಳ ಕ್ರಮವನ್ನು ಗಮನಿಸುವ ಲಾಕ್‌ಡೆಪ್ ಕರ್ನಲ್ಲಿಗೆ ಬಂದದ್ದು 2006ರಲ್ಲಿ, ಬಿಟ್ಟ ಮೆಮೊರಿ ಮುಟ್ಟಿದರೆ ಕೂಗುವ ಕೆಎಸಾನ್ 2015ರಲ್ಲಿ, ಬೀಗವಿಲ್ಲದೆ ಇಬ್ಬರು ಕೈಹಾಕುವುದನ್ನು ಹಿಡಿಯುವ ಕೆಸಿಸಾನ್ 2020ರಲ್ಲಿ. ಓದುವ ಮೊದಲೇ ಇವನ್ನು ಓಡಿಸುವುದು ಬೇಡ. ಇವು ಹೇಳುವುದು ಓಡಿದ ದಾರಿಗಳ ಬಗ್ಗೆ ಮಾತ್ರ, ಏನೂ ಬರಲಿಲ್ಲವೆಂದರೆ ನಮ್ಮ ಹುಡುಗರು ಓದುವುದನ್ನೇ ಬಿಡುತ್ತಾರೆ. ಒಂದು ಕಡೆ ಪ್ರೋಗ್ರಾಂ ಎಡೆಬಿಡದೆ ಓದುತ್ತಿರಲಿ, ಇನ್ನೊಂದು ಕಡೆ ಡ್ರೈವರನ್ನು ಸಾಧನಕ್ಕೆ ಕಟ್ಟಿ ಬಿಚ್ಚಿ ಮಾಡುವ ಸ್ಕ್ರಿಪ್ಟ್ ರಾತ್ರಿಯಿಡೀ ಓಡಲಿ. ಒಂದೇ ಸಿಪಿಯು ಇರುವ ವರ್ಚುವಲ್ ಯಂತ್ರದಲ್ಲಿ ಮಾಡಿದರೆ ಅದು ಪರೀಕ್ಷೆಯೇ ಅಲ್ಲ, ಕನಿಷ್ಠ ನಾಲ್ಕು ಕೊಡಿ.

ಇಬ್ಬರು ಒಟ್ಟಿಗೆ ಕೈಹಾಕುವ ತಪ್ಪು (ರೇಸ್) ಸಿಕ್ಕಾಗ ‘ಇಲ್ಲಿ ರೇಸ್ ಇರಬಹುದು’ ಎಂದು ಬರೆಯಬೇಡಿ, ಬರೆದವರು ಅದಕ್ಕೆ ‘ಇಲ್ಲ’ ಎಂದು ಉತ್ತರಿಸಿ ಮುಂದೆ ಹೋಗುತ್ತಾರೆ. ಕಾಗದದ ನಡುವೆ ಗೆರೆ ಎಳೆದು ಎಡಕ್ಕೆ ಸಿಪಿಯು 0, ಬಲಕ್ಕೆ ಸಿಪಿಯು 1 ಎಂದಿಟ್ಟು ಸಾಲುಸಾಲಾಗಿ ಬರೆಯಿರಿ. ಕಳೆದ ಭಾನುವಾರ ನಮ್ಮಲ್ಲಿ ಬರುವ ಹುಡುಗಿಯೊಬ್ಬಳು ಬರೆದ ಟಿಪ್ಪಣಿ ಹೀಗಿತ್ತು: ‘ಸಿಪಿಯು 0: ರೀಡ್ ಫಂಕ್ಷನ್, 214ನೇ ಸಾಲಿನಲ್ಲಿ ಬಫರಿನ ಪಾಯಿಂಟರ್ ಓದಿತು. ಸಿಪಿಯು 1: ರಿಮೂವ್, 388ನೇ ಸಾಲಿನಲ್ಲಿ ಅದೇ ಬಫರನ್ನು ಬಿಟ್ಟಿತು. ಸಿಪಿಯು 0: 217ನೇ ಸಾಲಿನಲ್ಲಿ ಅದರಿಂದ ನಕಲು ಮಾಡಿತು. 214ರಿಂದ 217ರವರೆಗೆ ಮ್ಯೂಟೆಕ್ಸ್ ಇಲ್ಲ.’ ಕೋಡ್ ಬರೆದ ಹುಡುಗ ಅದನ್ನು ಎರಡು ಸಲ ಓದಿ, ಪೆನ್ ಕೇಳಿದ.