ಹೆಸರಿಲ್ಲದ ಕರಪತ್ರಕ್ಕೆ ನಾವು ಉತ್ತರ ಕೊಟ್ಟ ಬಗೆ

ಉಡುಪಿ ಜಿಲ್ಲೆಯಲ್ಲಿ ಒಂದು ವಿಧಾನಸಭಾ ಚುನಾವಣೆಗೆ ಅಭ್ಯರ್ಥಿಯೊಬ್ಬರ ಪ್ರಚಾರ ನೋಡಿಕೊಂಡಿದ್ದೆ. ಮತದಾನ ಹತ್ತಿರ ಬಂದಾಗ ಒಂದು ಬೆಳಗ್ಗೆ ಪೇಪರಿನ ಒಳಗೆ ಕರಪತ್ರ. ಇವರು ಬ್ಯಾಂಕ್ ಸಾಲ ಮುಳುಗಿಸಿದ್ದಾರೆ, ಹೆಂಡತಿ ಮನೆ ಬಿಟ್ಟು ಹೋಗಿದ್ದಾರೆ ಅಂತ. ಮಧ್ಯಾಹ್ನದೊಳಗೆ ಅದರ ಫೋಟೋ ವಾಟ್ಸಾಪ್ ತುಂಬಾ ಓಡಾಡಿತು.

"ಧರ್ಮಸ್ಥಳಕ್ಕೆ ಬರಲಿ, ಆಣೆ ಮಾಡ್ತೇನೆ" ಎಂದು ಅಭ್ಯರ್ಥಿ ಎದ್ದು ನಿಂತರು. 2011ರಲ್ಲಿ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಕುಮಾರಸ್ವಾಮಿಯವರಿಗೆ ಹಾಕಿದ್ದೂ ಇದೇ ಸವಾಲು. ನಾನು ಬೇಡ ಎಂದೆ. ಆಣೆ ಅಂದ ಕೂಡಲೇ ಕರಪತ್ರ ನೋಡದವರೂ "ವಿಷಯ ಎಂತದು?" ಎಂದು ಹುಡುಕುತ್ತಾರೆ, ಅಲ್ವಾ?

ಬಾಗಿಲು ಹಾಕಿ ಅವರನ್ನೇ ಕೇಳಿದೆ, ನಿಜ ಎಷ್ಟು ಅಂತ. ಸಾಲ ಇತ್ತು, ಕಂತೂ ಕಟ್ಟುತ್ತಿದ್ದರು. ನಾಮಪತ್ರದ ಜೊತೆ ಕೊಟ್ಟ ಫಾರ್ಮ್ 26ರಲ್ಲಿ, ಅಂದರೆ ಆಸ್ತಿ ಸಾಲ ಘೋಷಿಸುವ ಅಫಿಡವಿಟ್‌ನಲ್ಲಿ, ಅದು ಬರೆದೇ ಇತ್ತು. ಆ ಪುಟದ ಜೆರಾಕ್ಸ್ ಸಾಕಾಯಿತು. ಹೆಂಡತಿ ತಾಯಿಯ ಆರೈಕೆಗೆ ತವರಿನಲ್ಲಿದ್ದರು. ಅವರನ್ನು ವೇದಿಕೆಗೆ ಕರೆತರೋಣ ಎಂದವರಿಗೆ ನಾನು ಒಪ್ಪಲಿಲ್ಲ. ಮನೆ ಮನೆಗೆ ಹೋಗುವ ಹೆಂಗಸರು, ಯಾರಾದರೂ ಕೇಳಿದರೆ ಮಾತ್ರ, ತುಳುವಿನಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದರು.

ಕರಪತ್ರದಲ್ಲಿ ಮುದ್ರಿಸಿದವರ, ಪ್ರಕಟಿಸಿದವರ ಹೆಸರು ವಿಳಾಸ ಇರಲಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 127ಎ ಪ್ರಕಾರ ಅಪರಾಧ ಆಗಲು ಅಷ್ಟೇ ಸಾಕು. 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬರೆದದ್ದು ಸುಳ್ಳು ಎಂದು ಸಾಬೀತು ಮಾಡುವ ತಲೆಬಿಸಿ ಇಲ್ಲ. ಚಾರಿತ್ರ್ಯದ ಬಗ್ಗೆ ಸುಳ್ಳು ಹೇಳುವುದಕ್ಕೆ ಅದೇ ಕಾಯ್ದೆಯ ಸೆಕ್ಷನ್ 123(4) ಇದೆ, ಆದರೆ ಅದು ಫಲಿತಾಂಶದ ಮೇಲೆ ಹೈಕೋರ್ಟಿಗೆ ಹೋಗುವವರಿಗೆ. ನಾವು ಮೂಲ ಪ್ರತಿ ಲಗತ್ತಿಸಿ 127ಎ ಅಡಿ ಚುನಾವಣಾಧಿಕಾರಿಗೆ ದೂರು ಕೊಟ್ಟೆವು.

ಜಾಸ್ತಿ ಕಷ್ಟವಾದದ್ದು ನಮ್ಮದೇ ಹುಡುಗರನ್ನು ಹಿಡಿದಿಡುವುದು. ಎದುರಾಳಿಯ ಮನೆಜಗಳದ ಆಡಿಯೊ ಅವರ ಕೈಗೆ ಸಿಕ್ಕಿತ್ತು. "ಅವರು ಮಾಡಬಹುದು, ನಾವು ಮಾಡಬಾರದಾ ಅಣ್ಣ?" ಎಂದರು. "ಅವರ ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದೆಯಾ? ಇಲ್ಲದಿದ್ದರೆ ಡಿಲೀಟ್ ಮಾಡಿ" ಎಂದೆ. ಚುನಾವಣಾ ನೀತಿಸಂಹಿತೆ ಹೇಳುವುದೂ ಅದನ್ನೇ. ನಾನೇನೂ ಸಂತನಲ್ಲ. ಇಲ್ಲಿ ಎದುರು ಪಾರ್ಟಿಯವರೂ ನಮ್ಮಲ್ಲೇ ಯಾರಿಗೋ ಮಾವ, ಯಾರಿಗೋ ಭಾವ. ಮುಂದಿನ ತಿಂಗಳು ಕೋಲದಲ್ಲೋ ಮದುವೆಯಲ್ಲೋ ಅವರ ಪಕ್ಕವೇ ಊಟಕ್ಕೆ ಕೂರಬೇಕು.

ಎದುರಾಳಿಯ ಅವಧಿಯ ರಸ್ತೆ ಕಾಮಗಾರಿಯನ್ನು ಮಾತ್ರ ಸುಮ್ನೆ ಬಿಡಲಿಲ್ಲ. ದಾಖಲೆ ಹಿಡಿದು ಸಭೆಗಳಲ್ಲಿ ಓದಿದೆವು. ಅವರೂ ದಾಖಲೆ ತಂದರು. ಮತದಾನಕ್ಕೆ 48 ಗಂಟೆ ಮೊದಲು ಮೈಕ್ ನಿಲ್ಲುವವರೆಗೂ ಆ ಜಗಳ ನಡೆಯಿತು.